ಹಸಿ ಮೀನು ಇರುವುದಿಲ್ಲ

ಹೊನ್ನಾಳಿ
9 ಜುಲೈ 2025

ಅನ್ನಪೂರ್ಣ,

ಫೋನ್ ಮಾಡಬೇಡಿ, ಹೇಳುವುದಿದ್ದರೆ ಬರೆಯಿರಿ ಎಂದು ನೀನು ಹೇಳಿ ಒಂದು ಮಳೆಗಾಲ ಕಳೆಯಿತು. ಫೋನಿನಲ್ಲಿ ನಾನು ಸುಮ್ಮನಿರುವುದು ನಿನಗೆ ಕೇಳಿಸುತ್ತದೆ ಎಂದಿದ್ದೆ. ಕಾಗದದಲ್ಲಿ ಅದು ಕೇಳಿಸಲಾರದು. ಬರೆಯಲು ವಿಷಯ ಬೇಕಿತ್ತು, ಈಗ ಸಿಕ್ಕಿದೆ.

ನಮ್ಮ ಬೀದಿ ನ್ಯಾಮತಿ ರಸ್ತೆಗೆ ಸೇರುವಲ್ಲಿ ಹನುಮಣ್ಣನ ಗೊಬ್ಬರದ ಅಂಗಡಿಯ ಪಕ್ಕ ಒಂದು ಮಳಿಗೆ ಬೀಗ ಹಾಕಿಕೊಂಡಿತ್ತಲ್ಲ, ಅಲ್ಲಿ ಜಪಾನಿ ಹೋಟೆಲು ಆಗಿದೆ. ನಗಬೇಡ. ನಡೆಸುವವಳು ಕತ್ತಲಗೆರೆ ಕಡೆಯ ಹೆಂಗಸು, ಅನಿತಾ ಎಂದು. ತುಮಕೂರಿನ ಹತ್ತಿರ ಯಾವುದೋ ಜಪಾನಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ವರ್ಷಗಟ್ಟಲೆ ಅಡುಗೆ ಮಾಡಿದ್ದಾಳೆ. ಜಪಾನಿನಲ್ಲಿ ಅಂಗಡಿಗಳ ಮುಂದೆ ಕುಂಚದಲ್ಲಿ ಬರೆದಿರುತ್ತಾರಂತೆ. ಅದಕ್ಕೆ ಫ್ಲೆಕ್ಸ್ ಬೇಡ, ಕೈಬರಹವೇ ಬೇಕೆಂದು ನನ್ನನ್ನು ಹುಡುಕಿಕೊಂಡು ಬಂದಳು. ಬೋರ್ಡು ಬರೆಯಲು ನನ್ನನ್ನು ಯಾರಾದರೂ ಹುಡುಕಿಕೊಂಡು ಬಂದು ಬಹಳ ಕಾಲವಾಗಿತ್ತು. ಈಚೆಗೆ ಶಾಲೆಗಳ ಗೋಡೆಯ ಮೇಲೆ ನಕ್ಷೆ ಬರೆಯುವುದೇ ಕೆಲಸ.

ಮೊದಲ ಸಾಲು, ಅನಿತಾ ಜಪಾನಿ ಊಟ. ಎರಡನೆಯದು, ಸೋಬಾ, ಉಡೋನ್, ಕರೇ ಅನ್ನ. ಮೂರನೆಯದು ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ, ಹಸಿ ಮೀನು ಇರುವುದಿಲ್ಲ. ಊರಿನವರು ಕೇಳುವ ಮೊದಲ ಪ್ರಶ್ನೆ ಅದೇ ಎಂದು ಅವಳಿಗೆ ಗೊತ್ತಿತ್ತು. ಸೋಬಾ, ಉಡೋನ್ ಎರಡೂ ಶಾವಿಗೆಯ ಬಗೆಗಳು, ಕರೇ ಎಂದರೆ ಮಸಾಲೆ ಸಾರು. ನಾನು ಏಣಿಯಿಂದ ಇಳಿದು ನೋಡಿದರೆ 'ಸೋಬಾನ' ಎಂದು ಬರೆದಿದ್ದೆ. ಮದುವೆ ಮನೆಗಳ ಬೋರ್ಡು ಬರೆದ ಕೈ ತಾನಾಗಿಯೇ 'ನ' ಸೇರಿಸಿತ್ತು. ಅಳಿಸುತ್ತೇನೆ ಎಂದೆ.

"ಇರ್ಲಿ ಬಿಡ್ರಿ ಸಾರ್" ಅಂದಳು. "ಸೋಬಾಕ್ಕೆ ಬರದಿದ್ದೋರು ಸೋಬಾನಕ್ಕಾದ್ರೂ ಬರ್ತಾರೆ."

ಹಾಗೇ ಆಯಿತು. ಮೂರನೇ ದಿನವೇ ಕುಂದೂರಿನಿಂದ ಇಬ್ಬರು ಹೆಂಗಸರು ಬಂದು, ಸೋಬಾನೆ ಹಾಡುವವರನ್ನು ಇಲ್ಲಿಂದ ಕಳಿಸುತ್ತೀರಾ ಎಂದು ಕೇಳಿದರಂತೆ. ಅವರಿಗೆ ಶಾವಿಗೆ ತಿನ್ನಿಸಿ ಕಳಿಸಿದ್ದಾಳೆ.

ನಿನ್ನೆ ಮಂಗಳವಾರ, ರಸ್ತೆಯಲ್ಲಿ ಜನ ಇರಲಿಲ್ಲ. ಹೋಗಿ ಕೂತೆ. ಮೇಜುಗಳಿಲ್ಲ. ಅಡುಗೆ ಕಟ್ಟೆಯ ಮುಂದೆ ಒಂದು ಉದ್ದ ಹಲಗೆ, ಅದರ ಮುಂದೆ ಸ್ಟೂಲುಗಳು. ನಾನೊಬ್ಬನೇ. ಶಾವಿಗೆಯ ಬಟ್ಟಲು ಬಂತು. ರುಚಿ ಹೇಗೆಂದು ಹೇಳಲು ಗೊತ್ತಾಗುತ್ತಿಲ್ಲ. ಖಾರವಿಲ್ಲ, ಹುಳಿಯಿಲ್ಲ. ಆದರೂ ಬಿಡಲಿಲ್ಲ. ಮತ್ತೆ ಹೋಗುತ್ತೇನೆ ಅನ್ನಿಸುತ್ತದೆ.

ಟೀಚರುಗಳ ವರ್ಗಾವಣೆ ಅರ್ಜಿ ಈ ತಿಂಗಳ ಕೊನೆಯವರೆಗೆ ಎಂದು ಚೈತ್ರಾ ಹೇಳಿದಳು. ನಿನಗೆ ಗೊತ್ತಿರುತ್ತದೆ.

ರಂಗನಾಥ್


ಜಗಳೂರು
17 ಜುಲೈ 2025

ಇವರಿಗೆ,

ನಿಮ್ಮ ಕಾಗದ ಬಂತು. ಹೋಟೆಲಿನ ಬಗ್ಗೆ ಎರಡು ಪುಟ, ನನ್ನ ಬಗ್ಗೆ ಒಂದು ಸಾಲು, ಅದೂ ಮಗಳ ಬಾಯಿಂದ. ಎಣಿಸಿದ್ದು ತಪ್ಪಲ್ಲ, ಗಣಿತದ ಟೀಚರು ನಾನು.

ಕವರಿನ ಮೇಲಿನ ಅಕ್ಷರ ನೋಡಿ ಪೋಸ್ಟ್‌ಮ್ಯಾನ್ "ಇದು ಪ್ರಿಂಟಾ ಮೇಡಂ?" ಎಂದ. ಅಲ್ಲ, ನಮ್ಮನೆಯವರು ಎಂದೆ. ಓಣಿಯಲ್ಲಿ ಸುದ್ದಿಯಾಯಿತು. ಮನೆ ಬಾಡಿಗೆಗೆ ಕೊಟ್ಟ ಉಚ್ಚಂಗೆಮ್ಮ ಸಂಜೆ ಬಂದು ಬಾಗಿಲಲ್ಲೇ ಕೂತರು. "ಏನ್ ಬರ್ದಾನವ್ವ ನಿನ್ ಗಂಡ?" ಜಪಾನಿ ಹೋಟೆಲಿಗೆ ಹೋಗಿದ್ದರಂತೆ ಎಂದೆ. "ಕಡ್ಡೀಲಿ ತಿಂತಾರಂತಲ್ಲ, ಅಲ್ಲಿಗಾ? ಹೆಂಡ್ತಿ ಜಗಳೂರಾಗೆ, ಗಂಡ ಜಪಾನಾಗೆ. ಚಲೋ ಐತಿ ನಿಮ್ ಸಂಸಾರ!" ಎಂದು ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡರು. ನನಗೂ ನಗು ಬಂತು. ಅದನ್ನೂ ಬರೆಯುತ್ತಿದ್ದೇನೆ, ಬರೀ ಸಿಟ್ಟಿನಲ್ಲಿದ್ದೇನೆ ಎಂದು ನೀವು ತಿಳಿಯಬಾರದು.

ಅರ್ಜಿಯ ವಿಷಯ. ನನ್ನನ್ನು ಹೊನ್ನಾಳಿಯ ಶಾಲೆಯಲ್ಲಿ ಹೆಚ್ಚುವರಿ ಎಂದು ಗುರುತಿಸಿ ಇಲ್ಲಿಗೆ ಹಾಕಿದ್ದು ಇಲಾಖೆ. ಅದು ನನ್ನ ಇಚ್ಛೆಯಲ್ಲ. ಆದರೆ ಹೋದ ವರ್ಷ ವಾಪಸು ಕೇಳಬಹುದಿತ್ತು, ಕೇಳಲಿಲ್ಲ. ಅದು ನನ್ನ ಇಚ್ಛೆ. ಹೆಚ್ಚುವರಿ ಎನ್ನುವ ಪದ ಆದೇಶದಲ್ಲಿ ಓದಿದಾಗ ಹೊಸದೆನ್ನಿಸಲಿಲ್ಲ. ಚೈತ್ರಾಳನ್ನು ಗೋವಿನಕೋವಿಗೆ ಮದುವೆ ಮಾಡಿ ಕಳಿಸಿದ ಮೇಲೆ ಮನೆಯಲ್ಲಿ ನಾವಿಬ್ಬರೇ ಉಳಿದೆವು. ನೀವು ಬರುವಿರಿ, ಬಡಿಸುವೆನು, ಉಣ್ಣುವಿರಿ, ಏಳುವಿರಿ. ಆಮೇಲೆ ನಾನು ತಟ್ಟೆ ಹಾಕಿಕೊಳ್ಳುವೆನು. ಜಗಳವಿಲ್ಲ. ಜಗಳ ಆಗಿದ್ದರೆ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು.

ಈ ವರ್ಷ ಅರ್ಜಿ ಹಾಕುತ್ತೇನೆ. ಯಾವ ಊರು ಎಂದು ಕೌನ್ಸೆಲಿಂಗ್ ದಿನ ಹೇಳಬೇಕು. ಅದಕ್ಕಿನ್ನೂ ಸಮಯವಿದೆ. ಹೊನ್ನಾಳಿಗೆ ಬಾ ಎಂದು ನೀವು ಇದುವರೆಗೆ ಹೇಳಿಲ್ಲ. ಹೇಳಿದರೆ ಬಂದೇ ಬಿಡುತ್ತೇನೆ ಅಂತಲ್ಲ. ಹೇಳಿದರೆ, ಬರಬೇಕೋ ಬೇಡವೋ ಎಂದು ಯೋಚನೆ ಮಾಡಲಿಕ್ಕೆ ನನಗೊಂದು ಲೆಕ್ಕ ಸಿಗುತ್ತದೆ. ಈಗ ಅದೂ ಇಲ್ಲ.

ಶಾವಿಗೆಗೆ ಏನು ಹಾಕಿದ್ದಳು? ಖಾರ ಹುಳಿ ಇಲ್ಲದೆ ನೀವು ಉಂಡಿರೆಂದರೆ ನಂಬುವುದು ಕಷ್ಟ.

ಅನ್ನಪೂರ್ಣ


ಹೊನ್ನಾಳಿ
28 ಜುಲೈ 2025

ಅನ್ನಪೂರ್ಣ,

ಸೋಯಾ ಕಾಳನ್ನು ಹುಳಿ ಬರಿಸಿ ಮಾಡಿದ ಒಂದು ಮುದ್ದೆ ಇದೆ, ಅದನ್ನು ಬಿಸಿನೀರಿಗೆ ಕದಡಿ ಸಾರು ಮಾಡುತ್ತಾಳೆ. ನೋಡಲು ಹಳಸಿದ ಹುಣಸೆಹಣ್ಣಿನ ಹಾಗಿದೆ. ಸೋಬಾ ಮಾಡುವ ಹಿಟ್ಟು ಇಲ್ಲಿ ಸಿಗುವುದಿಲ್ಲವಾದ್ದರಿಂದ ಗೋಧಿಗೆ ರಾಗಿ ಬೆರೆಸುತ್ತಾಳಂತೆ. ನಿನ್ನ ಪ್ರಶ್ನೆಗಳಲ್ಲಿ ನನಗೆ ಉತ್ತರ ಗೊತ್ತಿರುವುದು ಇದೊಂದೇ, ಅದಕ್ಕೆ ಮೊದಲು ಬರೆದೆ.

ಮತ್ತೊಮ್ಮೆ ಹೋಗಿದ್ದೆ. ಈ ಸಲ ಹನುಮಣ್ಣನೂ ಬಂದ. ಬಟ್ಟಲು ನೋಡಿ, "ಇದೇನ್ ತಾಯಿ, ನಮ್ಮವ್ವ ಶಾವಿಗೆಗೆ ಸಾರು ಹುಯ್ದು ಕೊಡ್ತಿದ್ಲು, ಆಗ ನಾವೂ ಜಪಾನಿನೋರಾ?" ಎಂದ. ಕಡ್ಡಿ ಬಿಟ್ಟು ಕೈ ಹಾಕಿದ. ಸೊರ್ರೆಂದು ಹೀರಿ, ಶಬ್ದವಾಯಿತೆಂದು ನನ್ನ ಕಡೆ ನೋಡಿದ. ಜಪಾನಿನಲ್ಲಿ ಹಾಗೆ ಶಬ್ದ ಮಾಡಿಯೇ ಉಣ್ಣಬೇಕು, ಮಾಡದಿದ್ದರೆ ರುಚಿಯಾಗಿಲ್ಲವೆಂದು ಅಡುಗೆಯವರು ಬೇಜಾರು ಮಾಡಿಕೊಳ್ಳುತ್ತಾರೆ ಎಂದಳು ಅನಿತಾ. "ಹಂಗಾದ್ರೆ ನಮ್ಮಪ್ಪ ಹುಟ್ಟಾ ಜಪಾನಿ" ಎಂದ ಅವನು. ಆಮೇಲೆ ಇಡೀ ಬೀದಿಗೆ ಕೇಳುವ ಹಾಗೆ ಉಂಡ.

ಅವಳ ಹೋಟೆಲಿನಲ್ಲಿ ಒಂದು ಪದ್ಧತಿಯಿದೆ. ಊಟದ ಜೊತೆ ಸಕ್ಕರೆ ಹಾಲು ಇಲ್ಲದ ಹಸಿರು ಚಹಾ ಒಂದು ಕೆಟಲ್ ತುಂಬ ಇಡುತ್ತಾಳೆ. ನಮ್ಮ ಲೋಟಕ್ಕೆ ನಾವೇ ಹಾಕಿಕೊಳ್ಳಬಾರದು. ಪಕ್ಕದಲ್ಲಿ ಕೂತವರು ಹಾಕಬೇಕು, ಅವರ ಲೋಟ ನಾವು ನೋಡಿಕೊಳ್ಳಬೇಕು. ಮೊದಲ ದಿನ ಒಬ್ಬನೇ ಹೋಗಿದ್ದಾಗ ಇದು ಗೊತ್ತಿರದೆ ಕೆಟಲಿಗೆ ಕೈ ಹಾಕಿದ್ದೆ. ಅವಳು ಹಲಗೆಯ ಆ ಬದಿಯಿಂದ ಬಂದು ಕೆಟಲ್ ತೆಗೆದುಕೊಂಡು ತಾನೇ ಹಾಕಿದಳು. "ಒಬ್ರೇ ಬಂದ್ರೆ ನಮಗೆ ಕೆಲ್ಸ ಜಾಸ್ತಿ ಆಗ್ತೈತ್ರಿ" ಎಂದಳು. ಹನುಮಣ್ಣನ ಲೋಟ ನಾನು ಮರೆತೇ ಬಿಟ್ಟಿದ್ದೆ. ಅವನೇ ಅದನ್ನು ಹಲಗೆಗೆ ಕುಟ್ಟಿ ನೆನಪು ಮಾಡಿದ.

ನೀನು ಕೇಳಿದ್ದಕ್ಕೆ ಉತ್ತರಿಸಲು ಕೂತು ಇದೆಲ್ಲ ಬರೆದೆ ಎಂದು ನನಗೆ ಗೊತ್ತಿದೆ. ನನ್ನ ತೊಂದರೆ ಇಷ್ಟು. ಬಾ ಎಂದರೆ, ಮನೆಯಲ್ಲಿ ಅಡುಗೆಗೆ ತೊಂದರೆಯಾಗಿದೆ ಅದಕ್ಕೆ ಕರೆಯುತ್ತಿದ್ದಾನೆ ಎಂದು ನಿನಗೆ ಅನ್ನಿಸಬಹುದು. ಬೇಡವೆಂದರೆ ಅದು ಸುಳ್ಳು. ಸುಮ್ಮನಿದ್ದರೆ ಎರಡೂ ಆಗುವುದಿಲ್ಲ ಎಂದುಕೊಂಡಿದ್ದೆ. ಎರಡೂ ಆಗುತ್ತವೆ ಎಂದು ನಿನ್ನ ಕಾಗದದಿಂದ ಈಗ ತಿಳಿಯುತ್ತಿದೆ.

ಆಗಸ್ಟಿನಲ್ಲಿ ಚೈತ್ರಾಳನ್ನು ನೋಡಲು ಗೋವಿನಕೋವಿಗೆ ಬರುತ್ತೀಯಂತೆ. ವಾಪಸು ಹೋಗುವಾಗ ಹೊನ್ನಾಳಿ ಮೇಲೇ ಹೋಗಬೇಕಲ್ಲ. ಆ ಹೋಟೆಲು ನೋಡಬಹುದು. ಮಂಗಳವಾರ ಗದ್ದಲವಿರುವುದಿಲ್ಲ.

ರಂಗನಾಥ್


ಜಗಳೂರು
5 ಆಗಸ್ಟ್ 2025

ಇವರಿಗೆ,

ಹನ್ನೆರಡನೇ ತಾರೀಖು, ಮಂಗಳವಾರ. ಗೋವಿನಕೋವಿಯಿಂದ ಬಂದು ಸಂಜೆ ನೇರ ಹೋಟೆಲಿಗೇ ಬರುತ್ತೇನೆ. ಮನೆಗೆ ಬರುವುದಿಲ್ಲ, ಬಲವಂತ ಮಾಡಬೇಡಿ. ಊಟ ಮುಗಿಸಿ ದಾವಣಗೆರೆ ಬಸ್ಸು ಹಿಡಿಯುತ್ತೇನೆ. ಅಲ್ಲಿ ನಮ್ಮ ಶಾಲೆಯ ಲಕ್ಷ್ಮಿದೇವಿ ಟೀಚರ ಮನೆಯಲ್ಲಿ ಮಲಗಿ, ಬೆಳಿಗ್ಗೆ ಇಬ್ಬರೂ ಜಗಳೂರಿಗೆ.

ಉಚ್ಚಂಗೆಮ್ಮನಿಗೆ ಹೇಳಿದೆ. "ಗಂಡನ್ನ ನೋಡಾಕೆ ಹೋಗ್ತಿಯೋ, ಹೋಟ್ಲು ನೋಡಾಕೋ?" ಎಂದರು. ಹೋಟೆಲು ಎಂದೆ. "ಹಂಗಾದ್ರೆ ಹೊಸ ಸೀರೆ ಯಾಕೆ ತೆಗ್ದಿಟ್ಟಿ?" ಎಂದರು. ಅದು ಚೈತ್ರಾಳ ಅತ್ತೆ ಮನೆಯ ಸಲುವಾಗಿ. ನಿಮಗೂ ತಿಳಿಸಿರುತ್ತೇನೆ.

ಅನ್ನಪೂರ್ಣ


ಹೊನ್ನಾಳಿ
14 ಆಗಸ್ಟ್ 2025

ಅನ್ನಪೂರ್ಣ,

ಕ್ಷೇಮವಾಗಿ ಮುಟ್ಟಿದ್ದೀಯೆಂದು ಚೈತ್ರಾ ಹೇಳಿದಳು.

ಮೊನ್ನೆ ಸಂಜೆಯದನ್ನು ನೀನೂ ಅಲ್ಲೇ ಇದ್ದು ನೋಡಿದ್ದೀ. ಆದರೂ ನನಗೆ ಕಂಡ ಹಾಗೆ ಬರೆಯುತ್ತೇನೆ. ನಾವಿಬ್ಬರೂ ಎಲ್ಲವನ್ನೂ ಬೇರೆ ಬೇರೆಯಾಗಿಯೇ ನೋಡಿದವರು.

ನೀನು ಬಂದಾಗ ನಾನು ಎದ್ದು ನಿಂತೆ. ಯಾಕೆಂದು ಗೊತ್ತಿಲ್ಲ, ಮನೆಯಲ್ಲಿ ಹಾಗೆ ಎದ್ದದ್ದಿಲ್ಲ. ಅನಿತಾ ನಿನ್ನನ್ನು, "ಬರ್ರಿ ಅಕ್ಕಾರೆ, ಇವರ ಲೋಟಕ್ಕೆ ಹಾಕಾಕೆ ಈಗ ಒಬ್ರು ಬಂದ್ರಿ" ಎಂದು ಕೂರಿಸಿದಳು. ನೀನು ಕಡ್ಡಿಗಳನ್ನು ಒಮ್ಮೆಗೇ ಹಿಡಿದುಬಿಟ್ಟೆ. ಹೇಗೆ ಎಂದು ಕೇಳಿದೆ. ಸ್ವೆಟರ್ ಹೆಣೆಯುವವರಿಗೆ ಇದೇನು ಎಂದೆ ನೀನು. ನೀನು ಹೆಣೆಯುತ್ತೀಯೆಂದು ನನಗೆ ಗೊತ್ತಿರಲಿಲ್ಲ. ಜಗಳೂರಿಗೆ ಹೋದ ಮೇಲೆ ಕಲಿತೆ ಎಂದೆ.

ಆಗ ಚಹಾ ಶುರುವಾಯಿತು. ನಾನು ನಿನ್ನ ಲೋಟಕ್ಕೆ ಹಾಕಿದೆ. ನೀನು ಕುಡಿದು ಖಾಲಿ ಮಾಡಿದೆ. ಖಾಲಿಯಾದ ಲೋಟ ಹಾಗೇ ಬಿಡಬಾರದೆಂದು ಮತ್ತೆ ಹಾಕಿದೆ. ಹಾಕಿಸಿಕೊಂಡದ್ದನ್ನು ಚೆಲ್ಲಬಾರದೆಂದು ನೀನು ಮತ್ತೆ ಕುಡಿದೆ. ನಿನ್ನ ಕಡೆಯಿಂದ ನನಗೂ ಅದೇ. ಕೆಟಲ್ ಮುಗಿಯಿತು. ಎರಡನೆಯದು ಬಂತು, ಅದೂ ಮುಗಿಯಿತು. ನನಗೆ ಹೊಟ್ಟೆ ಬಿಗಿಯುತ್ತಿತ್ತು. ನೀನು ಹಾಕುತ್ತಿರುವಾಗ ಬೇಡ ಎನ್ನುವುದು ಹೇಗೆ ಎಂದು ಕುಡಿಯುತ್ತಲೇ ಇದ್ದೆ. ನಿನ್ನ ಹಣೆಯ ಮೇಲೆ ಬೆವರು ಇತ್ತು. ಮೂರನೇ ಕೆಟಲ್ ಇಡುವಾಗ ಅನಿತಾ ಕೇಳಿದಳು, "ಏನ್ ಅಕ್ಕಾರೆ, ಮಧ್ಯಾಹ್ನ ಏನಾದ್ರೂ ಉಪ್ಪು ಜಾಸ್ತಿ ತಿಂದಿದ್ರಾ ಇಬ್ರೂ?"

ನೀನು ಹೇಳಿದೆ: "ಲೋಟದಾಗೆ ಬಿಟ್ರೆ ನಿಮಗೆ ಬೇಜಾರಾಗಲ್ವಾ?"

ಅವಳು ಸೌಟು ಕೆಳಗಿಟ್ಟು ನಕ್ಕಳು. "ಅಯ್ಯೋ, ಸಾಕಾದ್ರೆ ತುಂಬಿದ ಲೋಟ ಹಂಗೇ ಬಿಡ್ಬೇಕ್ರಿ. ಖಾಲಿ ಮಾಡಿದ್ರೆ ಇನ್ನೂ ಬೇಕು ಅಂತ. ಇಬ್ರೂ ಹೇಳಬಾರ್ದಾ ಒಬ್ರಿಗೊಬ್ರು, ಸಾಕು ಅಂತ!"

ನೀನೂ ನಕ್ಕೆ. ಬಾಯಿಗೆ ಸೆರಗು ಅಡ್ಡ ಹಿಡಿದು, ತಲೆ ಹಲಗೆಗೆ ತಾಗುವ ಹಾಗೆ ಬಗ್ಗಿ ನಕ್ಕೆ. ನಾನು ಮತ್ತೆ ಹಾಕಿದೆ. ಈ ಸಲ ನೀನು ಮುಟ್ಟಲಿಲ್ಲ. ತುಂಬಿದ ಲೋಟ ಹಾಗೇ ಬಿಟ್ಟು ಎದ್ದೆ.

ಅದನ್ನು ಸಾಕು ಎಂದು ಓದಿಕೊಂಡಿದ್ದೇನೆ. ಚಹಾ ಸಾಕು ಎಂದೋ, ಬೇರೆ ಏನಾದರೂ ಸಾಕು ಎಂದೋ, ಎರಡು ದಿನದಿಂದ ಅದನ್ನೇ ತಿರುಗಿಸಿ ನೋಡುತ್ತಿದ್ದೇನೆ.

ಇನ್ನೊಂದು. ಬಸ್ಸು ಹತ್ತುವಾಗ ನೀನು "ಬರ್ತೀನಿ" ಎಂದೆ. ಹೋಗುವವರೆಲ್ಲ ಹೇಳುವ ಬರ್ತೀನಿ ಅದೋ, ಹೊನ್ನಾಳಿಗೆ ಬರ್ತೀನಿ ಎಂದೋ? ನಾನು "ಹ್ಞೂಂ" ಎಂದೆ. ಎರಡಕ್ಕೂ ಅದೇ ಉತ್ತರ ಆಗುತ್ತದೆ ಎಂದು ಆಮೇಲೆ ಹೊಳೆಯಿತು.

ರಂಗನಾಥ್


ಜಗಳೂರು
26 ಆಗಸ್ಟ್ 2025

ಇವರಿಗೆ,

ಲೋಟ ತುಂಬಿ ಬಿಟ್ಟದ್ದು ಬಸ್ಸಿನ ಸಲುವಾಗಿ. ಹೊನ್ನಾಳಿಯಿಂದ ದಾವಣಗೆರೆವರೆಗೆ ಬಸ್ಸಿನಲ್ಲಿ ಹೆಂಗಸರು ಎರಡು ಕೆಟಲ್ ಚಹಾ ಕುಡಿದು ಕೂರುವುದು ಏನೆಂದು ನಿಮಗೆ ತಿಳಿಯದು. ಮಲೆಬೆನ್ನೂರಿನಲ್ಲಿ ಬಸ್ಸು ನಿಂತಾಗ ನಿರ್ವಾಹಕನಿಗೆ ಕಾಯಲು ಹೇಳಿ ಇಳಿದೆ. ಅವನು ನಾನು ಹತ್ತುವ ತನಕ ಬಾಗಿಲು ಬಡಿಯುತ್ತಿದ್ದ. ಇದರಲ್ಲಿ ಬೇರೆ ಅರ್ಥ ಹುಡುಕಬೇಡಿ.

ಬರ್ತೀನಿ ಎಂದದ್ದೂ ಎಲ್ಲರೂ ಹೇಳುವ ಬರ್ತೀನಿಯೇ. ಹೋಗ್ತೀನಿ ಎಂದು ಯಾರೂ ಹೇಳುವುದಿಲ್ಲ, ನಾನೂ ಹೇಳಲಿಲ್ಲ. ಆದರೆ ನೀವು ಅದನ್ನು ಎರಡು ದಿನ ತಿರುಗಿಸಿ ನೋಡಿದ್ದೀರಿ ಎಂದು ಓದಿ ಸ್ವಲ್ಪ ಹೊತ್ತು ಕಾಗದ ಮಡಿಸದೆ ಕೂತೆ.

ನನಗೆ ಕಂಡದ್ದು ಇದು. ನೀವು ಉಣ್ಣುವುದನ್ನು ನಾನು ಮದುವೆಯಾದಾಗಿನಿಂದ ನೋಡಿದ್ದೇನೆ. ನಿಂತು ನೋಡಿದ್ದೇನೆ. ಅನ್ನ ಎಷ್ಟು ಉಳಿದಿದೆ, ಸಾರು ಬೇಕೋ, ಮಜ್ಜಿಗೆ ತರಬೇಕೋ, ಅದು ನೋಟವಲ್ಲ, ಕಾವಲು. ಮೊನ್ನೆ ಕೂತು, ನಾನೂ ಉಣ್ಣುತ್ತ, ಪಕ್ಕಕ್ಕೆ ತಿರುಗಿದರೆ ನೀವು ಶಾವಿಗೆಯ ಎಳೆಯೊಂದನ್ನು ಹೇಗೆ ಮೇಲೆತ್ತುವುದೆಂದು ತಿಳಿಯದೆ ಕಣ್ಣು ಕಿರಿದು ಮಾಡಿದ್ದಿರಿ. ಬೋರ್ಡಿನ ಮೇಲೆ ಗೆರೆ ಎಳೆಯುವಾಗಲೂ ಹಾಗೇ ಮಾಡುತ್ತೀರಿ. ಕಿವಿಯ ಹಿಂದೆ ಬಿಳಿ ಬಣ್ಣದ ಚುಕ್ಕೆ ಒಣಗಿತ್ತು. ಹೇಳೋಣವೆಂದುಕೊಂಡೆ, ಹೇಳಲಿಲ್ಲ. ಇಂಥವನ್ನು ಹೇಳದೆ ಬಿಟ್ಟದ್ದರಲ್ಲಿ ನನ್ನ ಪಾಲೂ ಇದೆ.

ಅನಿತಾ ಹೇಳಿದ್ದನ್ನು ಶಾಲೆಯಲ್ಲಿ ಲಕ್ಷ್ಮಿದೇವಿಗೆ ಹೇಳಿದೆ. ಒಬ್ಬರಿಗೊಬ್ಬರು ಸಾಕು ಎನ್ನಲಾರದೆ ಎರಡು ಕೆಟಲ್ ಕುಡಿದೆವು ಎಂದೆ. ಅವಳು, "ಮೇಡಂ, ನೀವಿಬ್ರೂ ಹಿಂಗೇ ಇದ್ರೆ ಒಂದಿನ ಹೊಟ್ಟೆ ಒಡೆದು ಸಾಯ್ತೀರಿ" ಎಂದಳು.

ಕೌನ್ಸೆಲಿಂಗ್ ಅಕ್ಟೋಬರ್ ಮೊದಲ ವಾರ. ಪಟ್ಟಿಯಲ್ಲಿ ನನ್ನ ಹೆಸರು ಮೇಲಿದೆ, ಕೇಳಿದ ಊರು ಸಿಗುತ್ತದೆ. ಹೊನ್ನಾಳಿಯಲ್ಲಿ ಗಣಿತಕ್ಕೆ ಒಂದು ಜಾಗ ಖಾಲಿ. ನೀವು ಹೇಳುವುದಿದ್ದರೆ ಅಷ್ಟರೊಳಗೆ ಹೇಳಿ. ಅಡುಗೆಗೆ ಕರೆಯುತ್ತಿದ್ದೀರಿ ಎಂದು ನನಗೆ ಅನ್ನಿಸಿದರೆ ಅನ್ನಿಸಲಿ. ಅದನ್ನು ನಾನು ನೋಡಿಕೊಳ್ಳುತ್ತೇನೆ.

ಅನ್ನಪೂರ್ಣ


ಹೊನ್ನಾಳಿ
8 ಸೆಪ್ಟೆಂಬರ್ 2025

ಅನ್ನಪೂರ್ಣ,

ಬಾ ಎಂದು ಬರೆದು ನೋಡಿದೆ. ಹಾಳೆಯ ನಡುವೆ ಒಂದೇ ಅಕ್ಷರ. ಬೋರ್ಡಿನ ಹಾಗೆ ಕಂಡಿತು. ಯಾವ ಅಂಗಡಿಯ ಮುಂದೆಯೂ ತೂಗು ಹಾಕಬಹುದು. ಸಣ್ಣದಾಗಿ ಬರೆದೆ, ಬೇಡುವ ಹಾಗಿತ್ತು. ಓರೆಯಾಗಿ ಬರೆದೆ, ಕೈ ನಡುಗಿದ ಹಾಗಿತ್ತು. ಅಕ್ಷರ ಬರೆದೇ ಬದುಕಿದವನಿಗೆ ಒಂದು ಅಕ್ಷರ ಹೇಗೆ ಕಾಣಿಸುತ್ತದೆ ಎನ್ನುವುದು ಅದು ಏನು ಹೇಳುತ್ತದೆ ಎನ್ನುವುದಕ್ಕೆ ಅಡ್ಡ ಬರುತ್ತದೆ. ಇದು ನೆಪ ಎಂದು ನೀನು ಹೇಳಬಹುದು. ಇರಬಹುದು.

ಆ ಮೂರು ಹಾಳೆಗಳನ್ನು ಕಳಿಸುತ್ತಿಲ್ಲ.

ನೀನು ಬಂದು ಹೋದ ಮೇಲೆ ಮನೆಯಲ್ಲಿ ಉಣ್ಣುವಾಗ ಪಕ್ಕಕ್ಕೆ ನೋಡುವ ಅಭ್ಯಾಸ ಆಗಿದೆ. ಪಕ್ಕದಲ್ಲಿ ಗೋಡೆ. ಬಣ್ಣ ಬಳಿದು ಬಹಳ ವರ್ಷವಾಯಿತು, ಅಲ್ಲಲ್ಲಿ ಉದುರಿದೆ. ಇದೂ ನೀನು ಕೇಳಿದ್ದಕ್ಕೆ ಉತ್ತರವಲ್ಲ.

ರಂಗನಾಥ್


ಜಗಳೂರು
16 ಅಕ್ಟೋಬರ್ 2025

ಇವರಿಗೆ,

ಕೌನ್ಸೆಲಿಂಗ್ ಮುಗಿಯಿತು. ದಾವಣಗೆರೆಗೆ ಹೋಗಿದ್ದೆ. ನಿಮಗೆ ಚೈತ್ರಾ ಹೇಳಿರಬಹುದು, ಆದರೂ ನಾನೇ ಬರೆಯಬೇಕು.

ನನ್ನ ಸರದಿ ಬಂದಾಗ ಹೊನ್ನಾಳಿಯ ಜಾಗ ಪರದೆಯ ಮೇಲೆ ಇನ್ನೂ ಖಾಲಿಯೇ ತೋರಿಸುತ್ತಿತ್ತು. ಕಂಪ್ಯೂಟರ್ ಮುಂದೆ ಕೂತಿದ್ದ ಅಧಿಕಾರಿ ಒಳ್ಳೆಯ ಮನುಷ್ಯ. "ಮೇಡಂ, ನಿಮ್ಮ ಯಜಮಾನ್ರು ಹೊನ್ನಾಳಿಲೇ ಅದಾರಲ್ಲ, ಖಾಲಿ ಐತೆ, ಒತ್ತಿಬಿಡ್ಲಾ?" ಎಂದು ಬೆರಳು ಎತ್ತಿಯೇ ಇದ್ದ. ನಾನು ಚನ್ನಗಿರಿ ಎಂದೆ.

"ಚನ್ನಗಿರಿಲಿ ಯಾರದಾರೆ?"

"ಯಾರೂ ಇಲ್ಲ ಸಾರ್. ಅದಕ್ಕೇ."

ಅವನು ನನ್ನ ಮುಖ ನೋಡಿದ. ಹಿಂದೆ ಸಾಲಿನಲ್ಲಿದ್ದವರು, ಹೊನ್ನಾಳಿ ಬಿಟ್ಟಳಲ್ಲ ಎಂದು ಖುಷಿಯಿಂದ ಒಂದು ಹೆಜ್ಜೆ ಮುಂದೆ ಬಂದರು. ಒತ್ತಿದ. ಆಯಿತು.

ನೀವು ಬಾ ಎನ್ನಲಿಲ್ಲ ಎಂದು ಸಿಟ್ಟಿನಲ್ಲಿ ಮಾಡಿದ್ದಲ್ಲ. ಸಿಟ್ಟಿದ್ದರೆ ಜಗಳೂರಿನಲ್ಲೇ ಉಳಿಯುತ್ತಿದ್ದೆ, ಇಲ್ಲಿ ನನಗೆ ಕಷ್ಟವೇನಿಲ್ಲ. ನಿಮ್ಮ ಸೆಪ್ಟೆಂಬರ್ ಕಾಗದ ಓದಿದ ಮೇಲೆ, ಬಾ ಎಂದು ನೀವು ಬರೆದಿದ್ದರೂ ಏನಾಗುತ್ತಿತ್ತು ಎಂದು ಯೋಚಿಸಿದೆ. ಸಾಮಾನು ಇಳಿಸುತ್ತಿದ್ದೆ. ಮಾರನೇ ದಿನ ಬೆಳಿಗ್ಗೆ ಅದೇ ಒಲೆ, ಅದೇ ಬಾಗಿಲು. ನೀವು ಕೂರುವ ಜಾಗ ಬಾಗಿಲಿನ ಆ ಕಡೆ, ನನ್ನದು ಈ ಕಡೆ. ಒಂದು ವಾರ ಇಬ್ಬರೂ ಕಷ್ಟಪಟ್ಟು ಪಕ್ಕದಲ್ಲಿ ಕೂರುತ್ತಿದ್ದೆವು. ಆಮೇಲೆ ನಾನೇ ಏಳುತ್ತಿದ್ದೆ, ಸಾರು ತರಲು. ನೀವು ತಡೆಯುತ್ತಿರಲಿಲ್ಲ, ನಾನೂ ನಿಲ್ಲುತ್ತಿರಲಿಲ್ಲ. ಆ ಮನೆಗೆ ನಾವಿಬ್ಬರೂ ಹೇಗೆ ಇರಬೇಕೆಂದು ಗೊತ್ತಿದೆ. ಅದು ನಮ್ಮನ್ನು ಬೇರೆ ಥರ ಇರಲು ಬಿಡುವುದಿಲ್ಲ.

ಹೊಸ ಊರಿನಲ್ಲಿ ಅದು ಇರುವುದಿಲ್ಲ ಎಂದು ಲೆಕ್ಕ ಹಾಕಿದ್ದೇನೆ. ತಪ್ಪಿರಬಹುದು.

ಉಚ್ಚಂಗೆಮ್ಮ ಎರಡು ದಿನ ಮಾತು ಬಿಟ್ಟಿದ್ದರು. ಮೂರನೇ ದಿನ ಒಂದು ಚೀಲ ಈರುಳ್ಳಿ ತಂದಿಟ್ಟು, "ಚನ್ನಗಿರಿಯೋರಿಗೆ ಈರುಳ್ಳಿ ಅಂದ್ರೆ ಗೊತ್ತಿಲ್ಲ, ಅಡಿಕೆ ತಿಂದೇ ಬದುಕ್ತಾರೆ, ತಗಂಡು ಹೋಗು" ಎಂದರು. ನವೆಂಬರ್ ಮೂರಕ್ಕೆ ಅಲ್ಲಿ ಹಾಜರಾಗಬೇಕು. ಶಾಲೆಯ ಹಿಂದೆಯೇ ಒಂದು ಮನೆ ಗೊತ್ತಾಗಿದೆ. ವಿಳಾಸ ಕೆಳಗಿದೆ. ಉತ್ತರ ಬರೆಯಲೇಬೇಕೆಂದಿಲ್ಲ.

ಅನ್ನಪೂರ್ಣ


ಹೊನ್ನಾಳಿ
27 ಅಕ್ಟೋಬರ್ 2025

ಅನ್ನಪೂರ್ಣ,

ಈ ಕಾಗದ ಚನ್ನಗಿರಿಯ ವಿಳಾಸಕ್ಕೇ ಹಾಕುತ್ತಿದ್ದೇನೆ. ನಿನಗಿಂತ ಮೊದಲು ಮುಟ್ಟಿದರೆ ಬಾಗಿಲ ಸಂದಿಯಲ್ಲಿರುತ್ತದೆ.

ನಿನ್ನ ಕಾಗದ ಬಂದ ದಿನ ನಾನು ಯಾರ ಹತ್ತಿರವೂ ಮಾತಾಡಲಿಲ್ಲ. ಅದು ವಿಶೇಷವಲ್ಲ. ಮರುದಿನ ಹನುಮಣ್ಣನಿಗೆ ಹೇಳಿದೆ. ಅದು ವಿಶೇಷ. ಅವನು ಯೂರಿಯಾ ಚೀಲದ ಮೇಲೆ ಕೂತು ಕೇಳಿ, "ಇದ್ರಾಗೆ ಅಳೋದೇನೈತಿ? ಜಗಳೂರಿಂದ ಹೊರಟು ಅರ್ಧ ದಾರಿಗೆ ಬಂದು ನಿಂತಾಳೆ. ಇನ್ನರ್ಧ ನೀನು ಹೋಗು" ಎಂದ. ನಾನು ಅತ್ತಿರಲಿಲ್ಲ. ಭೂಗೋಳದ ಪ್ರಕಾರವೂ ಅವನ ಮಾತು ತಪ್ಪು. ಜಗಳೂರಿನಿಂದ ಹೊನ್ನಾಳಿಗೆ ಬರುವವರು ಚನ್ನಗಿರಿ ಮೇಲೆ ಬರುವುದಿಲ್ಲ. ಹಾಗೆಂದು ಅವನಿಗೆ ಹೇಳಿದೆ. "ನೀನು ಶಾಲೆ ಗೋಡೆ ಮೇಲೆ ನಕ್ಷೆ ಬರೀತಾ ಇರು" ಎಂದ.

ಮೊನ್ನೆ ಮಂಗಳವಾರ ಅನಿತಾಳ ಹೋಟೆಲಿನಲ್ಲಿ ಒಬ್ಬನೇ ಕೂತಿದ್ದಾಗ ಒಂದು ತಿಳಿಯಿತು. ಇಷ್ಟು ತಿಂಗಳು ನಾನು ಯೋಚಿಸಿದ್ದೆಲ್ಲ ನಿನ್ನನ್ನು ಕರೆಯುವುದರ ಬಗ್ಗೆ. ಕರೆದರೆ ನೀನು ಬರುವುದು, ಕರೆಯದಿದ್ದರೆ ಬಾರದಿರುವುದು. ಎರಡರಲ್ಲೂ ನಾನು ಕೂತಲ್ಲೇ ಕೂತಿದ್ದೇನೆ, ಓಡಾಡುವವಳು ನೀನು. ನನ್ನ ಕುಂಚ, ಡಬ್ಬಿ, ಏಣಿ ಬಿಟ್ಟರೆ ನನ್ನನ್ನು ಈ ಊರಿನಲ್ಲಿ ಕಟ್ಟಿಹಾಕುವಂಥದ್ದು ಏನೂ ಇಲ್ಲ. ಶಾಲೆಗಳ ಗೋಡೆ ಎಲ್ಲ ಊರಲ್ಲೂ ಇವೆ.

ಆದ್ದರಿಂದ ಕೇಳುತ್ತಿದ್ದೇನೆ. ಈ ಥರ ನಾನು ಯಾರನ್ನೂ ಕೇಳಿಲ್ಲ, ಚೆನ್ನಾಗಿ ಬರೆಯಲು ಆಗುತ್ತಿಲ್ಲ, ಅಕ್ಷರ ನೋಡಬೇಡ.

ನಾನು ಬರಲೇ?

ಅಲ್ಲೇ ಇರುವುದಕ್ಕೆ ಎಂದು ಹೇಳುತ್ತಿಲ್ಲ, ಬಂದು ಅದೇ ದಿನ ತಿರುಗುವುದಕ್ಕೆ ಎಂದೂ ಹೇಳುತ್ತಿಲ್ಲ. ಬೇಡ ಎನ್ನುವುದಾದರೆ ಬೇಡ ಎಂದೇ ಬರೆ.

ರಂಗನಾಥ್


ಚನ್ನಗಿರಿ
6 ನವೆಂಬರ್ 2025

ಇವರಿಗೆ,

ಕಾಗದ ಬಾಗಿಲ ಸಂದಿಯಲ್ಲೇ ಇತ್ತು. ಸಾಮಾನಿನ ಗಾಡಿಯವನು ಅದರ ಮೇಲೆ ಕಾಲಿಟ್ಟಿದ್ದ. ಒರೆಸಿ ಓದಿದೆ. ಕೊನೆಯ ಭಾಗದ ಅಕ್ಷರ ನಿಜವಾಗಿಯೂ ಕೆಟ್ಟದಾಗಿದೆ. ನಿಮ್ಮ ಕೈಯಿಂದ ಇಂಥದ್ದನ್ನು ನಾನು ನೋಡಿರಲಿಲ್ಲ.

ಇಲ್ಲಿನ ಶಾಲೆ ಪರವಾಗಿಲ್ಲ. ಒಂಬತ್ತನೇ ತರಗತಿಗೆ ಇನ್ನೂ ಬಹುಪದೋಕ್ತಿಯೇ ಮುಗಿದಿಲ್ಲ, ಬಂದ ದಿನದಿಂದ ಅದೇ ಕೆಲಸ. ಮನೆ ಸಣ್ಣದು. ಅಡುಗೆಯ ಜಾಗದಲ್ಲಿ ಇಬ್ಬರು ನಿಂತರೆ ಮೊಣಕೈ ತಾಗುತ್ತದೆ. ಬಡಿಸುವುದಕ್ಕೆ ಬೇರೆ ಕೋಣೆ ಎಂದಿಲ್ಲ, ಬೇಯಿಸಿದಲ್ಲೇ ಕೂತು ಉಣ್ಣಬೇಕು.

ಬುಧವಾರ ಬನ್ನಿ. ಶನಿವಾರ ಬೇಡ, ಅವತ್ತು ಬೆಳಗಿನ ಶಾಲೆ ಮುಗಿದ ಮೇಲೆ ಊರೆಲ್ಲ ಮನೆಯಲ್ಲಿರುತ್ತದೆ, ಯಾರು ಬಂದರು ಯಾರು ಹೋದರು ಎಂದು ನೋಡುತ್ತದೆ. ವಾರದ ನಡುವೆ ಯಾರಿಗೂ ಪುರುಸೊತ್ತಿಲ್ಲ. ನಾನು ಬರುವ ತನಕ ಮನೆಗೆ ಬೀಗವಿರುತ್ತದೆ, ಐದರ ಮೇಲೆ ಬನ್ನಿ. ನಾನು ಮೊದಲೇ ಅಡುಗೆ ಮಾಡಿಟ್ಟಿರುವುದಿಲ್ಲ. ಏನು ಮಾಡುವುದೆಂದೂ ಯೋಚಿಸಿಲ್ಲ. ಈರುಳ್ಳಿ ಬೇಕಾದಷ್ಟಿದೆ, ಹೆಚ್ಚಲು ನೀವಿರುತ್ತೀರಿ. ರಾತ್ರಿ ಉಳಿಯಬಹುದು. ಮುಂದಿನ ವಾರದ್ದನ್ನು ಮುಂದಿನ ವಾರ ನೋಡೋಣ. ಅದಕ್ಕಿಂತ ಹೆಚ್ಚು ನನ್ನಿಂದ ಈಗ ಹೇಳಲಾಗದು, ಹೇಳಿದರೆ ಸುಳ್ಳಾಗುತ್ತದೆ.

ಇದಕ್ಕೆ ಉತ್ತರ ಬರೆಯಬೇಡಿ. ಹೊನ್ನಾಳಿಯಲ್ಲಿ ಹಾಕಿದ ಕಾಗದ ಮೊದಲು ದಾವಣಗೆರೆಗೆ ಹೋಗಿ, ಅಲ್ಲಿ ಬೇರೆಯಾಗಿ, ಆಮೇಲೆ ಇಲ್ಲಿಗೆ ಬರುತ್ತದೆ. ಅದು ನನ್ನ ಕೈ ಸೇರುವಷ್ಟರಲ್ಲಿ ನೀವು ಬಂದಿರುತ್ತೀರಿ, ಇಲ್ಲವೇ ಬಂದಿರುವುದಿಲ್ಲ. ಎರಡರಲ್ಲಿ ಯಾವುದಾದರೂ ಕಾಗದಕ್ಕೆ ಕೆಲಸವಿಲ್ಲ.

ಅನ್ನಪೂರ್ಣ